ಊಟದ ಮೇಜಿನ ಮೇಲಿನ ಸ್ಪೆಕ್ಟ್ರಮ್

ಮೂರು ಭಾನುವಾರದ ಕೆಲಸ ನಿನ್ನೆ ರಾತ್ರಿ ಮುಗಿಯಿತು. ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಹಳೇ ಹೋಮ್ ಕಂಪ್ಯೂಟರ್ ಮತ್ತೆ ಉಸಿರಾಡುತ್ತಿದೆ!

ಮಾವನ ಮನೆಯ ಅಟ್ಟದಲ್ಲಿ ಸಿಕ್ಕಾಗ ಪರದೆ ತುಂಬ ಬರೀ ಚೌಕಗಳು. ಇದರ ಮೊದಲ 16 ಕೆಬಿ ಮೆಮೊರಿಗೆ ಎಂಟು 4116 ಚಿಪ್‌ಗಳಿವೆ. ಅವಕ್ಕೆ +5, -5, +12 ವೋಲ್ಟ್, ಮೂರೂ ಬೇಕು. -5 ತಪ್ಪಿದರೆ ಚಿಪ್‌ಗೇ ಕುತ್ತು. ಇಲ್ಲೂ ಹಾಗೇ ಆಗಿತ್ತು. ಆ ವೋಲ್ಟೇಜ್ ಒದಗಿಸುವ ಭಾಗದ ಒಂದು ಟ್ರಾನ್ಸಿಸ್ಟರ್ ಕೈಕೊಟ್ಟು ಎರಡು ಚಿಪ್ ಹೋಗಿದ್ದವು.

ಶನಿವಾರ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ನಾನು ಫೋನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅಂಗಡಿಯ ಹಿರಿಯರು "ಯಾವೂರ್ರೀ ನಿಮ್ಮದು?" ಅಂದರು. ಬೆಳಗಾವಿ ಕಡೆಯವರಂತೆ. ತಗಡಿನ ಡಬ್ಬಿಯಿಂದ ಎರಡು 4116 ಹುಡುಕಿ ತೆಗೆದರು. ಕಪ್ಪಾಗಿದ್ದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಒಂದೊಂದಾಗಿ ಉಜ್ಜಿ, ಬೆಳ್ಳಗೆ ಮಾಡಿ ಕೊಟ್ಟರು. ಆ ನಿಧಾನ ನೋಡಿ ಮನಸ್ಸು ತುಂಬಿ ಬಂತು.

ಸಾಕೆಟ್ ಕೂರಿಸಿ ಬೆಸುಗೆ ಹಾಕಿದೆ. ಸ್ವಿಚ್ ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಯಿತು, ಆಮೇಲೆ ಬೆಳ್ಳಗೆ. ಕೆಳಗೆ 1982 ಅಂತ ಇಸವಿ ಇರುವ ಆ ಪುಟ್ಟ ಸಾಲು.

ಈ ಬೋರ್ಡಿನ ಒಂದೊಂದು ಭಾಗವೂ ಕಣ್ಣಿಗೆ ಕಾಣುತ್ತೆ, ಬೆರಳಿಗೆ ಸಿಗುತ್ತೆ. ಜೇಬಿನ ಫೋನ್ ಹಾಗಲ್ಲ ಅಲ್ವಾ? ಬಿಚ್ಚೋಕೇ ಭಯ.

ಮಗಳು ಪಿ ಕೀಲಿ ಒತ್ತಿದಳು. ಒಂದೇ ಒತ್ತಿಗೆ ಪ್ರಿಂಟ್ ಅನ್ನೋ ಪೂರ್ತಿ ಪದ ಬಂತು. ಆಮೇಲೆ ತನ್ನ ಹೆಸರು ಬರೆದು, ನೂರು ಸಲ ಮೂಡಿಸೋದು ಹೇಗೆ ಅಂತ ಕೇಳಿದಳು. ಇವತ್ತು ಸಂಜೆ, ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಫಾರ್-ನೆಕ್ಸ್ಟ್ ಆದೇಶ ಕಲಿಸಬೇಕು.