ಭಾನುವಾರವೇ ನಮಗೆ ಡ್ಯೂಟಿ

ವಲಸೆ ಕಾರ್ಮಿಕರ ನಡುವೆ ಕೆಲಸ ಮಾಡುವ ನಮ್ಮಂಥ ಸ್ವಯಂಸೇವಾ ಸಂಸ್ಥೆಯವರಿಗೆ ಭಾನುವಾರ ರಜೆ ಇಲ್ಲ. ಬೇರೆ ದಿನ ಕಾರ್ಮಿಕರು ಸೈಟಿನಿಂದ ಶೆಡ್ಡಿಗೆ ಬರುವಾಗಲೇ ಕತ್ತಲಾಗಿರುತ್ತದೆ. ಆಮೇಲೆ ಸ್ನಾನ, ಅಡುಗೆ. ಆ ಹೊತ್ತಲ್ಲಿ ಹೋಗಿ ಆಧಾರ್ ಕೊಡಿ, ಫೋಟೋ ಕೊಡಿ ಅಂದರೆ ಯಾರಿಗೆ ಬೇಕು?

ಹೋದ ಭಾನುವಾರ ವರ್ತೂರು ಕಡೆಯ ತಗಡಿನ ಶೆಡ್‌ಗಳಿಗೆ ಹೋಗಿದ್ದೆ. ಬಂಗಾಳದ ಮಾಲ್ದಾ ಕಡೆಯ ಹುಡುಗನಿಗೆ ಇ-ಶ್ರಮ್ ಕಾರ್ಡ್, ಅಂದರೆ ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಕಾರ್ಡ್, ಮಾಡಿಸಬೇಕಿತ್ತು. ಆಧಾರ್‌ಗೆ ಜೋಡಿಸಿದ ನಂಬರ್ ಊರಲ್ಲಿರುವ ಅಣ್ಣನದು. ಒಟಿಪಿ ಅಲ್ಲಿಗೇ ಹೋಗುತ್ತದೆ. ಅಣ್ಣ ಸಂತೆಯಲ್ಲಿದ್ದ. ಆ ಗದ್ದಲದಲ್ಲಿ ಫೋನ್ ಎತ್ತಿ, ಮೆಸೇಜ್ ಹುಡುಕಿ, ಒಂದೊಂದೇ ಅಂಕಿ ಓದುವಷ್ಟರಲ್ಲಿ ಟೈಮ್ ಮುಗಿದಿತ್ತು. ಮತ್ತೆ ಕಳಿಸಿದೆವು. ಅವನು ಓದಿದ್ದು ಹಳೇ ಮೆಸೇಜು! ಒಟಿಪಿ ಆಗದಿದ್ದರೆ ಸಿಎಸ್‌ಸಿ ಅನ್ನುವ ಸರ್ಕಾರಿ ಆನ್‌ಲೈನ್ ಸೇವೆಗಳ ಸೆಂಟರಿಗೆ ಹೋಗಿ ಬೆರಳಚ್ಚು ಕೊಡಬೇಕು. ಅಂದರೆ ಒಂದು ದಿನದ ಕೂಲಿ ಹೋಯ್ತು. ಅವನ ಕೈ ನೋಡಿದೆ. ಸಿಮೆಂಟಿನಲ್ಲಿ ಸವೆದು ಬೆರಳ ತುದಿಯೆಲ್ಲ ನುಣ್ಣಗಾಗಿತ್ತು. ಮಷಿನ್ನು ಹಿಡಿಯುವುದು ಅನುಮಾನವೇ.

ಅಣ್ಣ ಮನೆಗೆ ಹೋಗಲಿ ಅಂತ ಕಾಯುತ್ತಾ ಮೇಸ್ತ್ರಿ ಹತ್ತಿರ ಹೋದೆ. ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡಿಗೆ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಾನೆ ಅನ್ನುವ ಪತ್ರ ಬೇಕು. ಮೇಸ್ತ್ರಿ ಪೆನ್ನು ಮುಟ್ಟಲಿಲ್ಲ.

"ನಾಳೆ ಇವ್ರು ಪಿಎಫ್ ಕೇಳಿದ್ರೆ ನೀವ್ ಕಟ್ತೀರಾ ಮೇಡಂ?"

ನನಗೆ ನಗು ಬಂತು. ನನಗೇ ಪಿಎಫ್ ಇಲ್ಲ. 11 ತಿಂಗಳ ಕಾಂಟ್ರಾಕ್ಟು, ಕೈಗೆ ಬರುವುದಕ್ಕೆ ಗೌರವಧನ ಅಂತ ಹೆಸರು. ಗೌರವ ಎಷ್ಟಿದೆಯೋ, ಧನವಂತೂ ಕಮ್ಮಿ. ಮೊದಲು ದೊಡ್ಡ ಸಂಸ್ಥೆಯೊಂದು ತನಗೆ ವಿದೇಶದಿಂದ ಬಂದ ದುಡ್ಡಲ್ಲಿ ನಮ್ಮ ಚಿಕ್ಕ ಸಂಸ್ಥೆಗೂ ಪಾಲು ಕೊಡುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿ ಆಗಿ, ಹಾಗೆ ಹಂಚುವುದೇ ನಿಂತಿತು. ಇಬ್ಬರು ನೋಡುತ್ತಿದ್ದ ಫೀಲ್ಡು ಈಗ ನನ್ನೊಬ್ಬಳದು. ಪೆಟ್ರೋಲ್ ಬಿಲ್ಲು ಯಾವಾಗ ಬರುತ್ತೋ ಆವಾಗ.

ವಾಪಸ್ ಬಂದಾಗ ಹುಡುಗ ಚಹಾ ಕೊಡುತ್ತಾ ಕೇಳಿದ, "ದೀದಿ, ನಿಮ್ಮ ಕಾರ್ಡ್ ಆಯ್ತಾ?"

ಸುಮ್ನೆ ಕೇಳಿದ್ದು. ಆದರೆ ಇ-ಶ್ರಮ್ ಇರುವುದು ಪಿಎಫ್, ಇಎಸ್‌ಐ ಇಲ್ಲದ, 16ರಿಂದ 59 ವಯಸ್ಸಿನ ಕೆಲಸಗಾರರಿಗೆ. ಆದಾಯ ತೆರಿಗೆ ಕಟ್ಟುವಷ್ಟು ಸಂಪಾದನೆಯೂ ಇರಬಾರದು. ಎಲ್ಲಾ ನನಗೇ ಹೇಳಿ ಮಾಡಿಸಿದ ಹಾಗಿದೆ ಅಲ್ವಾ!

ಸಂಜೆ ಅಣ್ಣ ಮನೆ ಸೇರಿದ ಮೇಲೆ ಒಟಿಪಿ ಸರಿಯಾಗಿ ಸಿಕ್ಕಿತು, ಹುಡುಗನ ಕಾರ್ಡ್ ಆಯಿತು. ಸೋಮವಾರದ ಮೀಟಿಂಗಿನಲ್ಲಿ "ಇಡೀ ದಿನಕ್ಕೆ ಒಂದೇನಾ?" ಅಂದರು. ಸಂತೆಯಲ್ಲಿದ್ದ ಅಣ್ಣನಿಗಾಗಲಿ, ಪೆನ್ನು ಮುಟ್ಟದ ಮೇಸ್ತ್ರಿಗಾಗಲಿ ರಿಪೋರ್ಟಿನಲ್ಲಿ ಕಾಲಂ ಇಲ್ಲ. ಭಾನುವಾರದ ಬದಲಿ ರಜೆ ಕೇಳಿದೆ. ಮೊದಲು ಟಾರ್ಗೆಟ್ ಮುಗಿಸಿ ಅಂದರು.