ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ

ಪೆರ್ಲದ ಕಡೆ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿ ಸೇರಿದ ಮೊದಲ ವರ್ಷ. ಮನೆ ಭೇಟಿಗೆ ಹೋದರೆ ಬಾಯಿಂದ ಮೊದಲು ಬರುತ್ತಿದ್ದದ್ದು, "ಮಕ್ಕಳೆಷ್ಟು? ಆಪರೇಷನ್ ಆಯ್ತಾ?" ಆಪರೇಷನ್ ಅಂದರೆ ಮುಂದೆ ಮಕ್ಕಳಾಗದಂತೆ ಮಾಡಿಸುವ ಸಂತಾನಹರಣ ಶಸ್ತ್ರಚಿಕಿತ್ಸೆ. ರಿಜಿಸ್ಟರಿನಲ್ಲಿ ಆ ಕಾಲಂ ಮೊದಲಿತ್ತು, ಅಷ್ಟೇ.

ಗುಡ್ಡೆ ಮೇಲಿನ ಒಂದು ಮನೆಯಲ್ಲಿ ಮೂರನೇ ಮಗುವಿಗೆ ಪೆಂಟಾವೇಲೆಂಟ್ (ಐದು ರೋಗ ತಡೆಯುವ ಒಂದೇ ಲಸಿಕೆ) ಕೊನೆಯ ಡೋಸ್ ಬಾಕಿ. 14 ವಾರಕ್ಕೆ ಆಗಬೇಕಿತ್ತು, ಐದು ತಿಂಗಳು ದಾಟಿತ್ತು. ಎರಡು ಸಲ ಹೋದಾಗಲೂ "ಸೊಸೆ ಪೇಟೆಗೆ ಹೋಗಿದ್ದಾಳೆ" ಎಂಬ ಉತ್ತರ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಸದ್ದು ಮಾತ್ರ ಕೇಳುತ್ತಿತ್ತು! ಮೂರನೇ ಸಲ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಿದರು.

"ಎಂತ ಮಗಳೇ, ನೀನೂ ಲೆಕ್ಕ ತುಂಬಿಸಲಿಕ್ಕೆ ಬಂದದ್ದಾ?"

ತುರ್ತು ಪರಿಸ್ಥಿತಿಯ ಕಾಲದಲ್ಲಿ ಆಪರೇಷನ್ನಿಗೆ ಕರೆದೊಯ್ಯುವ ಜೀಪು ಬಂದರೆ ಅವರ ಗಂಡ ತೋಟ ದಾಟಿ ಗುಡ್ಡೆ ಹತ್ತುತ್ತಿದ್ದರಂತೆ. ಯಾರನ್ನೂ ಎಳೆದುಕೊಂಡು ಹೋದದ್ದನ್ನು ಅಜ್ಜಿ ಕಣ್ಣಾರೆ ನೋಡಿಲ್ಲ. ಸುದ್ದಿಯೇ ಸಾಕಿತ್ತು. 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರದು.

ಆಮೇಲೆ ಸರಕಾರ ಗಂಡಸರ ತಂಟೆಗೆ ಹೋಗುವುದೇ ಕಡಿಮೆಯಾಯಿತು, ಭಾರ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಮದುವೆಯಾದ ನೂರು ಹೆಂಗಸರಲ್ಲಿ ಆಪರೇಷನ್ ಆದವರು 38ರ ಹತ್ತಿರ, ಗಂಡನಿಗೆ ಆಪರೇಷನ್ ಆದದ್ದು 0.3. ಗಂಡಸರದ್ದಾದರೆ ಹೊಲಿಗೆಯಿಲ್ಲದೆ ಅದೇ ದಿನ ಮನೆಗೆ ಬರಬಹುದು ಅಂದರೂ, "ಮತ್ತೆ ತೋಟದ ಕೆಲಸ ಯಾರು ಮಾಡುವುದು?" ಅನ್ನುತ್ತಾರೆ. ಹೆಂಡತಿಯ ಕೆಲಸ ಯಾರು ಮಾಡುವುದು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಕಾಗದದಲ್ಲಿ ಎಲ್ಲ ಬದಲಾಗಿದೆ. ಇಷ್ಟು ಆಪರೇಷನ್ ಆಗಬೇಕೆಂದು ಮೇಲಿಂದ ಬರುತ್ತಿದ್ದ ಗುರಿಯನ್ನು 1996ರಲ್ಲಿ ಕೈಬಿಟ್ಟರು. 2000ದ ಜನಸಂಖ್ಯಾ ನೀತಿ ಆಯ್ಕೆಯನ್ನು ದಂಪತಿಗೆ ಬಿಟ್ಟಿತು, ಹೆರಿಗೆ, ಲಸಿಕೆಗಳನ್ನೂ ಜೊತೆಗೆ ಸೇರಿಸಿತು. ನನ್ನ ಬಾಯಿ ಮಾತ್ರ ಹಳೆಯ ಪ್ರಶ್ನೆಯನ್ನೇ ಕೇಳುತ್ತಿತ್ತು. ಮಗುವಿನ ಲಸಿಕೆಗೆಂದು ಹೋದರೂ ಆ ಮನೆಯವರಿಗೆ ನಾನು ಜೀಪಿನವಳೇ.

ಅವತ್ತು ರಿಜಿಸ್ಟರನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಅಜ್ಜಿಯ ಬಿಪಿ ನೋಡಿದೆ, ಮೇಲಿನದು 170. ಮಾತ್ರೆಯ ವಿಷಯ ಹೇಳುತ್ತಿದ್ದಾಗ ಸೊಸೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಮುಂದಿನ ಬುಧವಾರ ಲಸಿಕೆ ಆಯಿತು.

ಎರಡು ತಿಂಗಳ ಮೇಲೆ ಅವಳೇ ಕೇಳಿದಳು: "ಸಿಸ್ಟರ್, ಬಸುರಾಗದ ಹಾಗೆ ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ 'ಅಂತರ' ಎಂಬ ಇಂಜೆಕ್ಷನ್ ಉಂಟಂತೆ. ಮುಟ್ಟು ನಿಲ್ಲುತ್ತದಾ?" ಏರುಪೇರಾಗಬಹುದು, ಕೆಲವರಿಗೆ ನಿಲ್ಲಲೂಬಹುದು, ಬಿಟ್ಟ ಮೇಲೆ ಮತ್ತೆ ಬಸುರಾಗಲು ಕೆಲವು ತಿಂಗಳು ತಡವಾಗುತ್ತದೆ ಎಂದೆ. "ಯೋಚನೆ ಮಾಡಿ ಹೇಳುತ್ತೇನೆ" ಅಂದಳು.

ಇನ್ನೂ ಯೋಚನೆ ಮಾಡುತ್ತಿದ್ದಾಳೆ. ಆ ಕಾಲಂ ಖಾಲಿಯೇ ಇದೆ.