ಕಲ್ಲು ತಿರುಗುವುದು ನಿಂತಿತು

ನಿನ್ನೆ ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಜಗಲಿಗೆ ಬಂದೆ. ತೂಗುಪರದೆಯ ಎಳೆಗಳಿಗೆ ಕಟ್ಟಿದ ಕಲ್ಲುಗಳು ಅಲ್ಲಾಡದೆ ನಿಂತಿದ್ದವು. ಮೂರು ವಾರದಿಂದ ಕಾದಿದ್ದು ಇದಕ್ಕೇ. ಖುಷಿ ತಡೆಯಲಾಗದೆ ಮನೆಯವರನ್ನೆಲ್ಲ ಎಬ್ಬಿಸಿಬಿಟ್ಟೆ.

ಇದು ನಮ್ಮೂರ ಗ್ರಂಥಾಲಯದ ಹಾಲಿಗೆ ಅಂತ ಹಳೇ ಕಾಗದದಲ್ಲಿ ನೇಯುತ್ತಿರುವ ತೂಗುಪರದೆ. ಒಂಬತ್ತು ಅಡಿ ಎತ್ತರ, ನಾಲ್ಕು ಅಡಿ ಅಗಲ, ಹಾಸಿನಲ್ಲಿ, ಅಂದರೆ ಉದ್ದಕ್ಕೆ, 48 ಎಳೆ. ಮೇಲಿನ ಅರ್ಧಕ್ಕೆ ಮಾತ್ರ ಹೊಕ್ಕು, ಅಂದರೆ ಅಡ್ಡ ನೇಯ್ಗೆ, ಮೋಡದ ಹಾಗೆ ದಟ್ಟವಾಗಿ. ಕೆಳಗಿನ ಅರ್ಧ ಬರೀ ಹಾಸು, ಮಳೆ ಸುರಿದ ಹಾಗೆ. ಒಂದೊಂದು ಎಳೆಯ ತುದಿಗೂ ನೆಲ್ಲಿಕಾಯಿ ಗಾತ್ರದ ಒಂದೊಂದು ಹೊಳೆಕಲ್ಲು. ಚೌಕಟ್ಟು, ಹೊಕ್ಕಿನ ಪಟ್ಟಿ ಎಲ್ಲ ಸಲೀಸಾಗಿ ಆಯಿತು. ಸತಾಯಿಸಿದ್ದು ಹಾಸು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಅಲ್ಲಿಂದ ದಿನಾ ಎಳೆಗಳು ಜೋತುಬೀಳತೊಡಗಿದವು. ಒಂದು ಎಳೆ ಎರಡು ಬೆರಳು ಇಳಿದರೆ ಪಕ್ಕದ್ದು ನಾಲ್ಕು ಬೆರಳು. ಹನ್ನೊಂದು ಎಳೆ ಕಡಿದೇ ಹೋದವು. ಮೊದಲು ಅನುಮಾನ ಬಂದಿದ್ದು ಕಾಗದದ ಮೇಲೆ. ಗುಜರಿ ಅಂಗಡಿಯವರು ಕೊಟ್ಟ ಕಟ್ಟಿನ ಮೇಲೆ ಕೆಳಗೆ ಪೇಪರ್, ನಡುವೆ ಪೂರ್ತಿ ನುಣುಪು ಕಾಗದದ ಪತ್ರಿಕೆಗಳು, ಅದೂ ಒದ್ದೆ. ತೂಕಕ್ಕೆ ದುಡ್ಡು ಕೊಡುವವರಿಗೆ ನೀರನ್ನೂ ಮಾರುವುದು ಸರಿಯಲ್ಲ. ಇನ್ನು ಮುಂದೆ ಕಟ್ಟು ಬಿಚ್ಚಿ ನೋಡದೆ ತರುವುದಿಲ್ಲ.

ಎಳೆ ಹೊಸೆಯಲು ಪಟ್ಟಿ ಕತ್ತರಿಸಿದ ದಿಕ್ಕೂ ತಪ್ಪಿತ್ತು. ಪೇಪರನ್ನು ಮೇಲಿಂದ ಕೆಳಗೆ ಹರಿದರೆ ನೆಟ್ಟಗೆ ಹರಿಯುತ್ತದೆ, ಅಡ್ಡ ಹರಿದರೆ ಹಲ್ಲುಹಲ್ಲಾಗುತ್ತದೆ, ಅಲ್ವಾ? ನಾರು ಮಲಗಿರುವುದು ಉದ್ದಕ್ಕೆ. ಅವಸರದಲ್ಲಿ ಅರ್ಧದಷ್ಟು ಪಟ್ಟಿ ಅಡ್ಡ ಕತ್ತರಿಸಿದ್ದೆ. ಅದನ್ನೆಲ್ಲ ತೆಗೆದು ಮತ್ತೆ ಹೊಸೆದೆ. ಕಡಿಯುವುದು ನಿಂತಿತು. ಜೋತುಬೀಳುವುದು ನಿಲ್ಲಲಿಲ್ಲ.

ಆಮೇಲೆ ಒಂದು ರಾತ್ರಿ ಕರೆಂಟ್ ಇರಲಿಲ್ಲ. ಮೇಣದ ಬತ್ತಿ ಹಚ್ಚಿಟ್ಟು ಜಗಲಿಯಲ್ಲಿ ಕೂತಿದ್ದೆ. ಗೋಡೆಯ ಮೇಲೆ ಕಲ್ಲುಗಳ ನೆರಳು ನಿಧಾನ ಅಗಲವಾಗುತ್ತಿತ್ತು, ಸಣ್ಣಗಾಗುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಗಾಳಿ ಇಲ್ಲ. ಆದರೂ ಕಲ್ಲುಗಳು ತಿರುಗುತ್ತಿವೆ, ಎಲ್ಲವೂ ಒಂದೇ ಕಡೆಗೆ! ಒಂದು ಕಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಧ್ಯರಾತ್ರಿಯವರೆಗೆ ಎಣಿಸಿದೆ. ಏಳು ಸುತ್ತು.

ಹುರಿ ಬಿಚ್ಚಿಕೊಳ್ಳುತ್ತಿತ್ತು. ಕಾಗದದ ನಾರು ತೇವ ಕುಡಿದರೆ ಉದ್ದಕ್ಕಿಂತ ದಪ್ಪಕ್ಕೆ ಜಾಸ್ತಿ ಹಿಗ್ಗುತ್ತದೆ. ದಪ್ಪವಾದ ನಾರಿಗೆ ಬಿಗಿ ಹುರಿಯಲ್ಲಿ ಜಾಗ ಸಾಲದು. ತುದಿಯ ಕಲ್ಲಿಗೆ ಯಾವ ತಡೆಯೂ ಇಲ್ಲ, ಸುಮ್ನೆ ತಿರುಗಿ ದಾರಿ ಬಿಟ್ಟುಕೊಡುತ್ತದೆ. ಹುರಿ ಸಡಿಲ, ಎಳೆ ಉದ್ದ.

ಬೆಳಿಗ್ಗೆ ದೊಡ್ಡಪ್ಪನಿಗೆ ತೋರಿಸಿದೆ. ಅವರು ಕೊಟ್ಟಿಗೆಯ ಹಗ್ಗ ತಾವೇ ಹೊಸೆಯುವವರು. ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಎಂಥ ಮಗಳೇ, ಒಂಟಿ ಎಳೆಯಲ್ಲಿ ಯಾರಾದರೂ ದನ ಕಟ್ತಾರಾ?" ಅಂದರು.

ಉತ್ತರ ಅಷ್ಟೇ. ಎರಡು ಎಳೆಯನ್ನೂ ಬಲಕ್ಕೆ ಹೊಸೆಯಬೇಕು, ಜೋಡಿಸುವಾಗ ಎಡಕ್ಕೆ ಹೊಸೆಯಬೇಕು. ಒಂದು ಬಿಚ್ಚಲು ಹೊರಟರೆ ಇನ್ನೊಂದು ಬಿಗಿಯಾಗುತ್ತದೆ. ಮೊದಲ ಜೋಡಿ ಎಡಕ್ಕೆ ಜಾಸ್ತಿಯಾಗಿ ಕಲ್ಲು ಉಲ್ಟಾ ದಿಕ್ಕಿಗೆ ತಿರುಗಿತು. ಈಗ ಒಂದು ಮೊಳ ಹುರಿಯನ್ನು ಉಯ್ಯಾಲೆಯ ಹಾಗೆ ಇಳಿಬಿಟ್ಟು ನೋಡುತ್ತೇನೆ. ತನ್ನಷ್ಟಕ್ಕೆ ಸುತ್ತಿಕೊಳ್ಳದಿದ್ದರೆ ಸರಿಯಾಗಿದೆ ಅಂತ ಅರ್ಥ.

ಜಪಾನಿನಲ್ಲಿ ಶಿಫು ಅನ್ನುವ ಕಾಗದದ ನೇಯ್ಗೆಯವರು ಒಂಟಿ ಎಳೆಯಲ್ಲೇ ಬಟ್ಟೆ ನೇಯುತ್ತಾರೆ. ಅವರದು ಕೋಜೊ ಅನ್ನುವ ಗಿಡದ ತೊಗಟೆಯ ಉದ್ದ ನಾರು, ನಮ್ಮ ಪೇಪರಿನದು ಮರ ಅರೆದು ಮಾಡಿದ ಗಿಡ್ಡ ನಾರು. ಅದಕ್ಕೇ ಒಂದು ಎಳೆ ಪೇಪರು, ಇನ್ನೊಂದು ಎಳೆ ಖಾಕಿ ಕಾಗದ. ಮಕ್ಕಳ ಹಳೇ ನೋಟ್‌ಬುಕ್ಕಿನ ಬೈಂಡು ಬಿಚ್ಚಿದ್ದು. ಬೂದಿ ಬಣ್ಣ, ಕಂದು ಬಣ್ಣ ಒಂದಕ್ಕೊಂದು ಸುತ್ತಿಕೊಂಡು ಎಷ್ಟು ಚೆನ್ನಾಗಿ ಕಾಣುತ್ತದೆ! ಒಂದು ಕಡೆ ನೀಲಿ ಶಾಯಿಯ "ಗಣಿತ" ಎಳೆಯುದ್ದಕ್ಕೂ ಸುರುಳಿಯಾಗಿ ಹೋಗಿದೆ. ಶಿಫುವಿಗೆ ಕಾಗದವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡುತ್ತಾರೆ. ನಮಗೆ ಆ ಕೆಲಸವೇ ಇಲ್ಲ, ಜುಲೈಯಲ್ಲಿ ಜಗಲಿಯ ಮೇಲಿಟ್ಟರೆ ಸಾಕು.

ಮೈದಾ ಅಂಟಿಗೆ ಬೂಷ್ಟು ಬರುತ್ತಿತ್ತು. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿದ್ದ ಮೈಲುತುತ್ತದಲ್ಲಿ ಚಿಟಿಕೆ ಸೇರಿಸಿದೆ, ನಿಂತಿತು. ಅದು ವಿಷ. ಪಾತ್ರೆ ಬೇರೆಯೇ ಇರಲಿ, ಮಕ್ಕಳ ಕೈಗೆ ಸಿಗದಿರಲಿ.

ಆದರೆ ಒಂಟಿ ಎಳೆಯನ್ನು ಬಿಸಾಡಲು ಮನಸ್ಸಿಲ್ಲ. ಒಲೆಯ ಹತ್ತಿರ ತೂಗುಹಾಕಿದರೆ ಕಲ್ಲು ಸ್ವಲ್ಪ ವಾಪಸ್ ತಿರುಗುತ್ತದೆ! ಅಂದರೆ ಗಾಳಿಯ ತೇವ ತೋರಿಸುವ ಯಂತ್ರ ಕೈಯಲ್ಲೇ ಇದೆ. ಸ್ವಿಸ್ ವಿಜ್ಞಾನಿ ಸೊಸ್ಯೂರ್ ಮನುಷ್ಯರ ಕೂದಲಿನಿಂದ ಮಾಡಿದ ತೇವಮಾಪಕದ ಬಗ್ಗೆ 1783ರಲ್ಲೇ ಬರೆದಿದ್ದಾರೆ. ಕಲ್ಲಿನ ಕೆಳಗೆ ಒಂದು ಮುಳ್ಳು, ಅದರ ಕೆಳಗೆ ಗೆರೆ ಹಾಕಿದ ತಟ್ಟೆ. ಪುತ್ತರಿ ಹಬ್ಬದ ಹೊತ್ತಿಗೆ ತಯಾರಾದರೆ ಕಾಫಿ ಕಣದ ಪಕ್ಕದ ಚಾವಡಿಯಲ್ಲಿ ನೇತುಹಾಕಬೇಕು. ತಟ್ಟೆಗೆ ಹಳೇ ಗಡಿಯಾರದ ಮುಖ ಎತ್ತಿಟ್ಟಿದ್ದೇನೆ.

ಇವತ್ತಿಗೆ 48ರಲ್ಲಿ 29 ಜೋಡಿ ಎಳೆ ಆಯಿತು. ಎಂಟು ದಿನ ತೂಗಿದ ಮೊದಲ ಆರು ಎಳೆ ಅರ್ಧ ಬೆರಳಿಗಿಂತ ಜಾಸ್ತಿ ಇಳಿದಿಲ್ಲ. ಖಾಕಿ ಕಾಗದ ಮುಗಿಯಿತು, ನಾಳೆ ಪಕ್ಕದ ಮನೆ ಮಕ್ಕಳ ನೋಟ್‌ಬುಕ್ ಕೇಳಬೇಕು.